ಎರಡು ಪೆನ್ನಿಯ ಓದುಗ

— ಸರ್, ವಿಷಯಕ್ಕೆ ಒಪ್ಪಿಗೆ ಸಿಕ್ಕಿತು. ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ ಕಾದಂಬರಿಯಲ್ಲಿ ಸುಳಿವುಗಳ ಹೆಣಿಗೆ. ಆದರೆ ನಮ್ಮ ಲೈಬ್ರರಿಯಲ್ಲಿ ಇರೋದು ಒಂದು ಪೇಪರ್‌ಬ್ಯಾಕ್ ಪ್ರತಿ ಮಾತ್ರ. ಪತ್ತೇದಾರಿ ಸಾಹಿತ್ಯದ ಮೇಲೆ ವಿಮರ್ಶೆಯ ಪುಸ್ತಕ ಒಂದೂ ಇಲ್ಲ. ಉಳಿದದ್ದನ್ನೆಲ್ಲ ಆನ್‌ಲೈನ್‌ನಲ್ಲೇ ಹುಡುಕಬೇಕು. ಎಲ್ಲಿಂದ ಶುರು ಮಾಡಲಿ?

— ಕಾದಂಬರಿ ಓದಿ ಮುಗಿಸಿದೆಯಾ?

— ಅರ್ಧದ ಹತ್ತಿರ ಬಂದಿದ್ದೀನಿ. ಬೆಟರೆಜ್ ಹೇಳೋದು ಮುಗಿದು ಮಿಸ್ ಕ್ಲ್ಯಾಕ್ ಹೇಳೋದು ಶುರುವಾಗಿದೆ.

— ಹಾಗಾದರೆ ಅದು ಮುಗಿಯುವವರೆಗೆ ಗೂಗಲ್‌ನಲ್ಲಿ ಕಾದಂಬರಿಯ ಹೆಸರು ಹಾಕಲೇಬೇಡಮ್ಮ. ವಿಕಿಪೀಡಿಯಾ ಬೇಡ, ಸಾರಾಂಶದ ಸೈಟುಗಳು ಬೇಡ, ಹತ್ತು ನಿಮಿಷದಲ್ಲಿ ಕಥೆ ಹೇಳುವ ವಿಡಿಯೋಗಳಂತೂ ಬೇಡವೇ ಬೇಡ. ವಜ್ರ ಹೇಗೆ ಕಾಣೆಯಾಯಿತು ಅನ್ನೋದನ್ನ ಅವು ಮೊದಲ ಪ್ಯಾರಾದಲ್ಲೇ ಹೇಳಿಬಿಡುತ್ತವೆ.

— ಸರ್, ನಾನು ಹೊತ್ತು ಕಳೆಯೋಕೆ ಓದ್ತಿಲ್ಲವಲ್ಲ. ಹೆಣಿಗೆ ಹೇಗಿದೆ ಅಂತ ನೋಡಬೇಕಾದರೆ ಕೊನೆ ಗೊತ್ತಿರಲೇಬೇಕು. ಟೊಡೊರೊವ್ 1966ರ ಪ್ರಬಂಧದಲ್ಲಿ ಹೇಳಿದ್ದೂ ಅದೇ ಅಲ್ಲವಾ? ಪತ್ತೇದಾರಿ ಕಥೆಯೊಳಗೆ ಎರಡು ಕಥೆ ಇರುತ್ತವೆ. ಅಪರಾಧ ನಡೆದದ್ದು ಒಂದು, ಅದನ್ನು ಪತ್ತೆ ಮಾಡಿದ್ದು ಇನ್ನೊಂದು. ಮೊದಲನೆಯದು ಗೊತ್ತಾಗದೆ ಎರಡನೆಯದನ್ನು ಅಳೆಯೋದು ಹೇಗೆ?

— ಅಳೆಯೋದು ಎರಡನೇ ಓದಿನಲ್ಲಿ. ಮೊದಲ ಓದಿನಲ್ಲಿ ನೀನು ಬೇರೆ ಏನನ್ನೋ ಸಂಗ್ರಹಿಸಬೇಕು: ನಿನ್ನ ಅನುಮಾನಗಳನ್ನು. ಯಾವ ಪುಟದಲ್ಲಿ ಯಾರ ಮೇಲೆ ಸಂಶಯ ಬಂತು, ಯಾವ ಮಾತಿಗೆ ಅದು ಹೋಯಿತು, ಯಾವ ವಿವರವನ್ನು ಏನೂ ಅಲ್ಲ ಅಂತ ದಾಟಿಬಿಟ್ಟೆ. ಕಾಲಿನ್ಸ್ ಕೆಲಸ ಮಾಡಿದ್ದು ಆ ಸಂಶಯಗಳ ಮೇಲೆ. ಕೊನೆ ಗೊತ್ತಾದ ಮೇಲೆ ಅವನ್ನು ನೆನಪಿನಿಂದ ಬರೆಯೋಕೆ ಹೋದರೆ ಎಲ್ಲರೂ ‘ನನಗೆ ಮೊದಲೇ ಅನ್ನಿಸಿತ್ತು’ ಅಂತಲೇ ಬರೀತಾರೆ. ತಾರೀಖು ಹಾಕಿ ಬರೆದಿಟ್ಟ ಅನುಮಾನದ ಪಟ್ಟಿ ನಿನ್ನ ಹತ್ತಿರ ಇದ್ದರೆ, ಅದು ಬೇರೆ ಯಾರ ಪ್ರಬಂಧದಲ್ಲೂ ಇರದ ಸಾಮಗ್ರಿ. ಇಂಟರ್‌ನೆಟ್ ನಿನಗೆ ಬೇಕಾದಷ್ಟು ಕೊಡುತ್ತೆ. ಕಳಕೊಂಡ ಈ ಅಜ್ಞಾನವನ್ನು ಮಾತ್ರ ವಾಪಸು ಕೊಡಲ್ಲ.

— ಅಂದರೆ ಎಲ್ಲ ಮುಗಿಯುವವರೆಗೆ ಆನ್‌ಲೈನ್‌ಗೆ ಕಾಲೇ ಇಡಬಾರದಾ?

— ಒಂದು ಜಾಗಕ್ಕೆ ಹೋಗಬಹುದು, ಹೋಗಲೇಬೇಕು. ‘ಡಿಕನ್ಸ್ ಜರ್ನಲ್ಸ್ ಆನ್‌ಲೈನ್’. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಕಟ್ಟಿದ್ದು. ಚಾರ್ಲ್ಸ್ ಡಿಕನ್ಸ್ ನಡೆಸಿದ ‘ಹೌಸ್‌ಹೋಲ್ಡ್ ವರ್ಡ್ಸ್’, ‘ಆಲ್ ದಿ ಇಯರ್ ರೌಂಡ್’ ಎರಡೂ ವಾರಪತ್ರಿಕೆಗಳ ಪುಟಗಳು ಅಲ್ಲಿವೆ. ಪುಟದ ಚಿತ್ರವೂ ಸಿಗುತ್ತೆ, ಹುಡುಕಬಹುದಾದ ಅಕ್ಷರವೂ ಸಿಗುತ್ತೆ. ಸ್ಕ್ಯಾನ್ ಮಾಡಿದ ಪುಟದಿಂದ ಯಂತ್ರ ಓದಿ ತೆಗೆದ ಅಕ್ಷರಗಳಲ್ಲಿ ತಪ್ಪು ತುಂಬಿರುತ್ತಲ್ಲ, ಅದನ್ನು ಸ್ವಯಂಸೇವಕರು ಕೂತು ಒಂದೊಂದಾಗಿ ತಿದ್ದಿದ್ದಾರೆ. ನಿನ್ನ ಕಾದಂಬರಿ ಮೊದಲು ಬಂದದ್ದು ‘ಆಲ್ ದಿ ಇಯರ್ ರೌಂಡ್’ನಲ್ಲಿ, 1868ರ ಜನವರಿ 4ರಿಂದ ಆಗಸ್ಟ್ 8ರವರೆಗೆ, 32 ವಾರ. ಯಾವ ವಾರದವರೆಗೆ ಓದಿದ್ದೀಯೋ ಆ ವಾರದವರೆಗಿನ ಪುಟಗಳನ್ನು ಮಾತ್ರ ತೆಗೆದು ನೋಡು.

— ಪೇಪರ್‌ಬ್ಯಾಕಿನಲ್ಲಿ ಇರೋದೇ ಅಲ್ಲವಾ ಸರ್ ಅಲ್ಲೂ ಇರೋದು?

— ಮಾತುಗಳು ಹೆಚ್ಚುಕಮ್ಮಿ ಅವೇ. ಆದರೆ ಪುಟ ಬೇರೆ. ಎರಡು ಕಾಲಂ, ಇಕ್ಕಟ್ಟಾದ ಸಣ್ಣ ಅಕ್ಷರ, ಒಂದೂ ಚಿತ್ರವಿಲ್ಲ. ಕಾಲಿನ್ಸ್‌ನ ಹೆಸರಿನ ಜಾಗದಲ್ಲಿ ‘ದಿ ವುಮನ್ ಇನ್ ವೈಟ್’ ಬರೆದವರಿಂದ ಅಂತ ಇದೆ. ಕಂತು ಮುಗಿಯುತ್ತಿದ್ದ ಹಾಗೇ ಅದೇ ಪುಟದಲ್ಲಿ ಬೇರೆ ಯಾವುದೋ ಲೇಖನ ಶುರು. ಮುಖ್ಯವಾಗಿ, ಕಂತು ಎಲ್ಲಿ ನಿಂತಿತು ಅನ್ನೋದು ಕಣ್ಣಿಗೆ ಕಾಣುತ್ತೆ. ನಿನ್ನ ಪೇಪರ್‌ಬ್ಯಾಕಿನಲ್ಲಿ ಆ ಗೆರೆ ಅಳಿಸಿಹೋಗಿದೆ, ಅಧ್ಯಾಯದ ಗೆರೆ ಮಾತ್ರ ಉಳಿದಿದೆ. ಸುಳಿವು ಸಿಕ್ಕ ಮೇಲೆ ಓದುಗ ಒಂದು ವಾರ ಅದನ್ನು ತಲೆಯಲ್ಲಿ ಇಟ್ಟುಕೊಂಡು ತಿರುಗಿದನಾ, ಇಲ್ಲ ಮುಂದಿನ ಸಾಲಿಗೇ ಉತ್ತರ ಸಿಕ್ಕಿತಾ ಅನ್ನೋದು ಸುಳಿವಿನ ತೂಕವನ್ನೇ ಬದಲಿಸುತ್ತೆ. ನಮ್ಮ ಅಮ್ಮಂದಿರು ‘ಸುಧಾ’ದ ಧಾರಾವಾಹಿಗೆ ಗುರುವಾರ ಎಣಿಸುತ್ತಿದ್ದ ಹಾಗೆ, ಆ ಏಳು ದಿನವೂ ಕಥೆಯ ಭಾಗವೇ.

— ಅಮೆರಿಕದಲ್ಲೂ ಅದೇ ಹೊತ್ತಿಗೆ ಬಂತು ಅಂತ ಪೀಠಿಕೆಯಲ್ಲಿ ಓದಿದ ನೆನಪು.

— ‘ಹಾರ್ಪರ್ಸ್ ವೀಕ್ಲಿ’ಯಲ್ಲಿ. ಅಲ್ಲಿ ಚಿತ್ರಗಳ ಸಮೇತ. ಆ ಚಿತ್ರಗಳು ಟಿಪ್ಪಣಿಯೊಂದಿಗೆ ‘ವಿಕ್ಟೋರಿಯನ್ ವೆಬ್’ ಅನ್ನುವ ತಾಣದಲ್ಲಿವೆ. ಬ್ರೌನ್ ವಿಶ್ವವಿದ್ಯಾಲಯದ ಜಾರ್ಜ್ ಲ್ಯಾಂಡೋ ಶುರು ಮಾಡಿದ್ದು, 1994ರಿಂದ ಜಾಲದಲ್ಲಿದೆ. ಆದರೆ ಅದನ್ನು ಆಮೇಲೆ ನೋಡು. ಚಿತ್ರದ ಅಡಿಯ ಟಿಪ್ಪಣಿಯಲ್ಲೇ ಗುಟ್ಟು ಬಿಟ್ಟುಕೊಟ್ಟಿರುತ್ತೆ. ಈ ಗುಟ್ಟು ಒಡೆಯುವ ತೊಂದರೆ ಇವತ್ತಿನದು ಅಂದುಕೊಂಡಿದ್ದೀಯಾ? 1868ರಲ್ಲೇ ಇತ್ತು. ಧಾರಾವಾಹಿ ಮುಗಿಯೋದು ಆಗಸ್ಟ್‌ನಲ್ಲಿ. ಟಿನ್‌ಸ್ಲಿ ಬ್ರದರ್ಸ್ ಮೂರು ಸಂಪುಟದ ಪುಸ್ತಕವನ್ನು ಜುಲೈನಲ್ಲೇ ಹೊರಗೆ ತಂದರು.

— ಅಂದರೆ ಪುಸ್ತಕ ಕೊಂಡವರಿಗೆ ಕೊನೆ ಮೊದಲೇ ಗೊತ್ತಾಯಿತು!

— ಕೊಳ್ಳುವಷ್ಟು ದುಡ್ಡಿದ್ದವರಿಗೆ. ಲೆಕ್ಕ ಹಾಕು. ವಾರಪತ್ರಿಕೆಯ ಬೆಲೆ ಎರಡು ಪೆನ್ನಿ. 32 ಸಂಚಿಕೆಗೆ 64 ಪೆನ್ನಿ. ಆ ಕಾಲದಲ್ಲಿ ಮೂರು ಸಂಪುಟದ ಕಾದಂಬರಿಯ ರೂಢಿಯ ಬೆಲೆ 31 ಶಿಲ್ಲಿಂಗ್ 6 ಪೆನ್ನಿ, ಅಂದರೆ 378 ಪೆನ್ನಿ. ಸುಮಾರು ಆರು ಪಟ್ಟು. ಅಷ್ಟು ಕೊಡಲಾಗದ ಮಧ್ಯಮ ವರ್ಗದವರು ಚಂದಾ ಕಟ್ಟಿ ಮೂಡೀಸ್ ಲೈಬ್ರರಿಯಿಂದ ತರುತ್ತಿದ್ದರು. ಎರಡು ಪೆನ್ನಿಯ ಓದುಗ ಮಾತ್ರ ಆಗಸ್ಟ್ 8ರವರೆಗೆ ಕಾದ. ನಿನ್ನ ಪ್ರಬಂಧದ ನಿಜವಾದ ಓದುಗ ಅವನು ಅನ್ನೋದು ನನ್ನ ಅಭಿಪ್ರಾಯ. ಸುಳಿವು ಕೆಲಸ ಮಾಡಿತಾ ಅಂತ ಕೇಳಬೇಕಾದ್ದು ಅವನನ್ನೇ. ಅವನ ಕೈಗೆ ಸಿಕ್ಕ ಪುಟವನ್ನು ಮಂಡ್ಯದಲ್ಲಿ ಕೂತ ನಿನ್ನ ಫೋನಿಗೆ ತಂದುಕೊಟ್ಟಿದ್ದೇ ಈ ಡಿಜಿಟಲ್ ಸಂಗ್ರಹಗಳು ಮಾಡಿದ ದೊಡ್ಡ ಉಪಕಾರ.

— ಸರ್, ಕಾದಂಬರಿಯ ಪ್ರಸ್ತಾವನೆಯ ಅಧ್ಯಾಯದ ಬಗ್ಗೆ ಕೇಳಬೇಕಿತ್ತು. ಅದು ಶುರುವಾಗೋದೇ ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಮೇ 4, ಕೋಟೆ ಬಿದ್ದ ದಿನ. ಟಿಪ್ಪುವಿನ ಕಠಾರಿಯ ಹಿಡಿಯಲ್ಲಿ ಕೂರಿಸಿದ್ದ ಹಳದಿ ವಜ್ರವನ್ನು ಹರ್ನ್‌ಕಾಸಲ್ ಅನ್ನುವ ಅಧಿಕಾರಿ ಕೊಲೆ ಮಾಡಿ ಹೊಡೀತಾನೆ. ಇದರಲ್ಲಿ ಎಷ್ಟು ನಿಜ?

— ಹರ್ನ್‌ಕಾಸಲ್ ಕಲ್ಪನೆ, ವಜ್ರವೂ ಕಲ್ಪನೆ. ರಷ್ಯಾದ ರಾಜದಂಡದಲ್ಲಿರುವ ವಜ್ರ, ಕೊಹಿನೂರ್ ಇವೆರಡರ ಕಥೆಯಿಂದ ಎತ್ತಿಕೊಂಡೆ ಅಂತ ಕಾಲಿನ್ಸ್ ಮುನ್ನುಡಿಯಲ್ಲೇ ಹೇಳಿದ್ದಾನೆ. ಲೂಟಿ ಮಾತ್ರ ನಿಜ. ಇದಕ್ಕೆ ನೀನು ಇಂಟರ್‌ನೆಟ್ ಆರ್ಕೈವ್‌ಗೆ ಹೋಗು. ಅಲೆಕ್ಸಾಂಡರ್ ಬೀಟ್ಸನ್ ಅಂತ ಒಬ್ಬ ಅಧಿಕಾರಿ ಆ ದಂಡಯಾತ್ರೆಯಲ್ಲಿ ಇದ್ದವನು, 1800ರಲ್ಲಿ ಲಂಡನ್ನಿನಲ್ಲಿ ಅದರ ಚರಿತ್ರೆಯನ್ನು ಅಚ್ಚು ಹಾಕಿಸಿದ. ಪುಸ್ತಕ ಪೂರ್ತಿ ಅಲ್ಲಿದೆ. ಬೀಟ್ಸನ್‌ನ ಮುತ್ತಿಗೆಯ ಅಧ್ಯಾಯ, ಕಾಲಿನ್ಸ್‌ನ ಪ್ರಸ್ತಾವನೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದು. ಒಂದು ಎಚ್ಚರಿಕೆ: ಇಂಥ ಹಳೆಯ ಪುಸ್ತಕಗಳಲ್ಲಿ ನಕ್ಷೆಯ ಹಾಳೆ ಮಡಚಿ ಅಂಟಿಸಿರುತ್ತಾರೆ. ಸ್ಕ್ಯಾನ್ ಮಾಡುವವರು ಎಷ್ಟೋ ಸಲ ಅದನ್ನು ಬಿಡಿಸೋದಿಲ್ಲ, ಮಡಿಕೆಯ ಬೆನ್ನು ಮಾತ್ರ ಕಾಣುತ್ತೆ. ಒಂದೇ ಪುಸ್ತಕದ ಬೇರೆ ಬೇರೆ ಗ್ರಂಥಾಲಯದ ಪ್ರತಿಗಳನ್ನು ತೆರೆದು ನೋಡಬೇಕು. ಕೋಟೆಯ ಯಾವ ಮೂಲೆಯಲ್ಲಿ ಗೋಡೆ ಒಡೆಯಿತು ಅನ್ನೋದು ನಿನಗೆ ನೋಡಿದ ಜಾಗವೇ, ನಕ್ಷೆ ಓದೋದು ಕಷ್ಟವಾಗಲ್ಲ.

— ಕಾದಂಬರಿಯಲ್ಲಿ ಜನರಲ್ ಬೇರ್ಡ್, ಕದ್ದು ಸಿಕ್ಕಿಬಿದ್ದವನು ಯಾವ ದರ್ಜೆಯವನಾದರೂ ಗಲ್ಲಿಗೆ ಅಂತ ಸಾರಿಸುತ್ತಾನೆ. ಅದೂ ನಡೆದದ್ದಾ?

— ಲೂಟಿ ಹದ್ದು ಮೀರಿತ್ತು ಅನ್ನೋದು ದಾಖಲೆಯಲ್ಲಿದೆ. ಮಾರನೆಯ ದಿನ ಪಟ್ಟಣದ ಅಧಿಕಾರ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಗಲ್ಲು, ಛಡಿಯೇಟು ಎರಡನ್ನೂ ಬಳಸಿ ಅವನು ಲೂಟಿಯನ್ನು ಹತೋಟಿಗೆ ತಂದ. ಅವನ ಪತ್ರಗಳೂ ಅಚ್ಚಾಗಿವೆ, ಅವೂ ಆರ್ಕೈವ್‌ನಲ್ಲಿ ಸಿಗುತ್ತವೆ.

— ನನಗೆ ಒಂದು ಅನ್ನಿಸುತ್ತೆ ಸರ್. ಸಿಪಾಯಿ ಒಬ್ಬ ಸರ ಕದ್ದರೆ ಗಲ್ಲು. ಖಜಾನೆಯನ್ನೇ ಸೈನ್ಯ ಹಂಚಿಕೊಂಡರೆ ಅದು ಕಳ್ಳತನ ಅಲ್ಲ.

— ಅಲ್ಲ. ಅದಕ್ಕೆ ಕಾನೂನಿನ ಹೆಸರಿತ್ತು, ಸಮಿತಿ ಇತ್ತು, ದರ್ಜೆಗೆ ತಕ್ಕ ಪಾಲಿನ ಲೆಕ್ಕ ಇತ್ತು. ಸಿಪಾಯಿಯ ಪಾಲೆಷ್ಟು, ಸೇನಾಪತಿಯ ಪಾಲೆಷ್ಟು ಅಂತ ಕಾಗದದ ಮೇಲೆ ಬರೆದು ಹಂಚಿದರು.

— ಹಾಗಾದರೆ ಇಡೀ ಕಾದಂಬರಿ ಯಾರ್ಕ್‌ಶೈರಿನ ಮನೆಯಲ್ಲಿ ಕಳ್ಳ ಯಾರು ಅಂತ ಹುಡುಕುವಾಗ, ಮೊದಲ ಕಳ್ಳತನಕ್ಕೆ ಪತ್ತೇದಾರನೇ ಇಲ್ಲ. ವಾರಸುದಾರರಂತೆ ಹುಡುಕಿಕೊಂಡು ಬಂದ ಆ ಮೂವರು ಬ್ರಾಹ್ಮಣರನ್ನೇ ಎಲ್ಲರೂ ಮೊದಲು ಅನುಮಾನಿಸುತ್ತಾರೆ.

— ಇದನ್ನು ಈಗಲೇ ಬರೆದಿಡು. ನಿನ್ನ ಅನುಮಾನದ ಪಟ್ಟಿಯಲ್ಲಿ ಇದು ಬೆಲೆಯುಳ್ಳ ನಮೂದು. ಕಾಲಿನ್ಸ್ ಇದನ್ನು ಎಷ್ಟರ ಮಟ್ಟಿಗೆ ಕಂಡಿದ್ದ ಅನ್ನೋದನ್ನ ಪುಸ್ತಕ ಮುಗಿದ ಮೇಲೆ ಮಾತಾಡೋಣ. ಅಲ್ಲಿಯವರೆಗೆ ನಾನೂ ಬಾಯಿ ಬಿಡಲ್ಲ.

— ಕಾದಂಬರಿಯ ಪತ್ತೇದಾರ ಸಾರ್ಜೆಂಟ್ ಕಫ್‌ನ ಹಿಂದೆ ಜೊನಾಥನ್ ವಿಚರ್ ಅನ್ನುವ ನಿಜವಾದ ಪೊಲೀಸ್ ಇದ್ದ ಅಂತ ಕ್ಲಾಸಲ್ಲಿ ಹೇಳಿದ್ದಿರಿ. 1860ರ ರೋಡ್ ಹಿಲ್ ಕೊಲೆ. ಅದಕ್ಕೆ ‘ಓಲ್ಡ್ ಬೇಲಿ ಆನ್‌ಲೈನ್’ನಲ್ಲಿ ಹುಡುಕಿದೆ. 1674ರಿಂದ 1913ರವರೆಗಿನ 1,97,745 ವಿಚಾರಣೆಗಳು ಇವೆ ಅಂತ ಹಾಕಿದ್ದಾರೆ. ಕಾನ್ಸ್‌ಟನ್ಸ್ ಕೆಂಟ್ ಎಂಬ ಆರೋಪಿಯ ಹೆಸರು ಹಾಕಿದರೆ ಆ ಮೊಕದ್ದಮೆ ಇಲ್ಲ.

— ಇರೋದಿಲ್ಲ. ಓಲ್ಡ್ ಬೇಲಿ ಲಂಡನ್ನಿನ ನ್ಯಾಯಾಲಯ. ಕೊಲೆ ನಡೆದದ್ದು ವಿಲ್ಟ್‌ಶೈರಿನ ಗಡಿಯ ಹಳ್ಳಿಯಲ್ಲಿ. ಕಾನ್ಸ್‌ಟನ್ಸ್ 1865ರಲ್ಲಿ ತಪ್ಪೊಪ್ಪಿಕೊಂಡಾಗ ವಿಚಾರಣೆಗೆ ನಿಂತದ್ದು ಸಾಲ್ಸ್‌ಬರಿಯಲ್ಲಿ. ದೊಡ್ಡ ಸಂಗ್ರಹ ಅಂದಾಕ್ಷಣ ಎಲ್ಲವೂ ಅದರಲ್ಲಿ ಇರಬೇಕಿಲ್ಲ. ಯಾವ ಊರಿನ, ಯಾವ ಕಚೇರಿಯ ಕಾಗದ ಅದರಲ್ಲಿ ಸೇರಿದೆ ಅಂತ ಮೊದಲು ಕೇಳಿಕೊಳ್ಳಬೇಕು. ಓಲ್ಡ್ ಬೇಲಿ ನಿನಗೆ ಬೇರೆ ರೀತಿ ಉಪಯೋಗಕ್ಕೆ ಬರುತ್ತೆ. ಸಾಕ್ಷಿ ಹೇಳುವ ಪೊಲೀಸ್ ಹೇಗೆ ಮಾತಾಡುತ್ತಿದ್ದ, ಮನೆಯ ಕೆಲಸದವರನ್ನು ಹೇಗೆ ಪ್ರಶ್ನಿಸುತ್ತಿದ್ದರು ಅನ್ನೋದು ಅವರದೇ ಬಾಯಿಂದ ಸಿಗುತ್ತೆ. ಕಾಲಿನ್ಸ್‌ನ ಕಾದಂಬರಿ ಒಬ್ಬರಾದ ಮೇಲೊಬ್ಬರು ಹೇಳಿಕೆ ಕೊಡುತ್ತಾ ಹೋಗುವ ಹಾಗೆ ಕಟ್ಟಿದ್ದಾದ್ದರಿಂದ, ಅಂಥ ಕೆಲವು ವಿಚಾರಣೆಗಳನ್ನು ಓದಿದರೆ ಅದರ ಜಾಡು ಗೊತ್ತಾಗುತ್ತೆ.

— ಮತ್ತೆ ರೋಡ್ ಹಿಲ್‌ಗೆ ಏನು ಮಾಡಲಿ? ಬ್ರಿಟಿಷ್ ಪತ್ರಿಕೆಗಳ ಆರ್ಕೈವ್‌ಗೆ ಚಂದಾ ಕಟ್ಟಬೇಕು, ನನ್ನ ಕೈಲಾಗಲ್ಲ.

— ಕಟ್ಟಬೇಡ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಇದೆ, ನ್ಯೂಜಿಲೆಂಡಿನ ‘ಪೇಪರ್ಸ್ ಪಾಸ್ಟ್’ ಇದೆ. ಎರಡೂ ಪುಕ್ಕಟೆ. ಆ ಕಾಲದ ವಸಾಹತುಗಳ ಪತ್ರಿಕೆಗಳು ಲಂಡನ್ನಿನ ಸುದ್ದಿಯನ್ನು ಹಡಗು ಬಂದಾಗ ಕತ್ತರಿಸಿ ಹಾಗೇ ಅಚ್ಚು ಹಾಕುತ್ತಿದ್ದವು. ಎರಡು ಮೂರು ತಿಂಗಳು ತಡ, ಅಷ್ಟೇ. ಕಾಣೆಯಾದ ರಾತ್ರಿಯಂಗಿಯ ಸುತ್ತ ವಿಚರ್ ಕಟ್ಟಿದ ವಾದವನ್ನು ಅಲ್ಲಿ ಓದು. ಆಮೇಲೆ ಬಾಗಿಲ ಬಣ್ಣ ತಾಗಿದ ಬಟ್ಟೆಯನ್ನು ಕಫ್ ಹುಡುಕುವ ಅಧ್ಯಾಯಕ್ಕೆ ವಾಪಸು ಹೋಗು. ಅದನ್ನು ನೀನಾಗಲೇ ದಾಟಿದ್ದೀಯ, ಗುಟ್ಟೇನೂ ಒಡೆಯಲ್ಲ. ಇನ್ನೊಂದು ಮಾತು: ಆಸ್ಟ್ರೇಲಿಯಾದ ಪತ್ರಿಕೆಗಳು ಈ ಕೇಸಿಗೆ ಪರವೂರಿನವಲ್ಲ. ಕಾನ್ಸ್‌ಟನ್ಸ್ ಶಿಕ್ಷೆ ಮುಗಿಸಿ ಹೆಸರು ಬದಲಿಸಿಕೊಂಡು ಅಲ್ಲಿಗೇ ಹೋದಳು, ನರ್ಸ್ ಆಗಿ ದುಡಿದಳು, 1944ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡಳು.

— ಕಾಲಿನ್ಸ್‌ಗಿಂತ ಹಿಂದಕ್ಕೆ ಹೋಗಬೇಕು ಅಂತಾರೆ ನಮ್ಮ ಗೈಡ್. ಪೋನಿಂದ ಶುರು ಮಾಡು ಅಂತ.

— ಸರಿಯಾಗಿಯೇ ಹೇಳಿದ್ದಾರೆ. 1841ರ ಏಪ್ರಿಲ್, ಫಿಲಡೆಲ್ಫಿಯಾದ ‘ಗ್ರಹಾಮ್ಸ್ ಮ್ಯಾಗಝಿನ್’, ‘ದಿ ಮರ್ಡರ್ಸ್ ಇನ್ ದಿ ರೂ ಮೋರ್ಗ್’. ಅದನ್ನು ಎಲ್ಲರೂ ಓದ್ತಾರೆ. ನೀನು ಎರಡನೆಯ ಕಥೆಯ ಮೇಲೆ ಸಮಯ ಹಾಕು, ‘ದಿ ಮಿಸ್ಟರಿ ಆಫ್ ಮರೀ ರೊಜೆ’. ಕಥೆಯಾಗಿ ಅದು ಒಣ. ಪಾಠವಾಗಿ ಅದಕ್ಕಿಂತ ಒಳ್ಳೆಯದು ಈ ಪ್ರಕಾರದಲ್ಲೇ ಇಲ್ಲ. ಬಾಲ್ಟಿಮೋರಿನ ಎಡ್ಗರ್ ಅಲನ್ ಪೋ ಸೊಸೈಟಿಯವರು ಪೋ ಬರೆದದ್ದರ ಒಂದೊಂದು ಪಾಠವನ್ನೂ, ಎಷ್ಟು ಸಲ ಅಚ್ಚಾಗಿದೆಯೋ ಅಷ್ಟನ್ನೂ, ಬೇರೆ ಬೇರೆಯಾಗಿ ತಮ್ಮ ತಾಣದಲ್ಲಿ ಇಟ್ಟಿದ್ದಾರೆ. ಅಲ್ಲಿ ಈ ಕಥೆಯ ಪತ್ರಿಕೆಯ ರೂಪವನ್ನೂ 1845ರ ಪುಸ್ತಕದ ರೂಪವನ್ನೂ ಎರಡು ಕಿಟಕಿಯಲ್ಲಿ ತೆರೆ.

— ವ್ಯತ್ಯಾಸ ಅಷ್ಟು ದೊಡ್ಡದಾ?

— ಮಾತಿನ ಲೆಕ್ಕದಲ್ಲಿ ಸಣ್ಣದು. 1841ರ ಜುಲೈ 25ರಂದು ನ್ಯೂಯಾರ್ಕಿನ ಸಿಗಾರ್ ಅಂಗಡಿಯೊಂದರಲ್ಲಿ ಕೆಲಸ ಮಾಡಿ ಹೆಸರಾಗಿದ್ದ ಮೇರಿ ರಾಜರ್ಸ್ ಅನ್ನುವ ಹುಡುಗಿ ಕಾಣೆಯಾದಳು. 28ಕ್ಕೆ ಹೊಬೊಕೆನ್ ಹತ್ತಿರ ಹಡ್ಸನ್ ನದಿಯಲ್ಲಿ ಹೆಣ ತೇಲಿತು. ಕೊಂದವರು ಯಾರು ಅಂತ ಗೊತ್ತಾಗಲೇ ಇಲ್ಲ. ಪೋ ಆ ಜಾಗಕ್ಕೆ ಹೋಗಲಿಲ್ಲ. ಪತ್ರಿಕೆಗಳ ವರದಿಯನ್ನೇ ಎದುರಿಗಿಟ್ಟುಕೊಂಡು, ಹಡ್ಸನ್ನನ್ನು ಸೇನ್ ಮಾಡಿ, ನ್ಯೂಯಾರ್ಕನ್ನು ಪ್ಯಾರಿಸ್ ಮಾಡಿ, ತನ್ನ ಪತ್ತೇದಾರ ಡ್ಯೂಪಿನ್ ಕುರ್ಚಿಯಿಂದ ಏಳದೆ ಬಿಡಿಸುವ ಹಾಗೆ ಬರೆದ. ‘ಸ್ನೋಡನ್ಸ್ ಲೇಡೀಸ್ ಕಂಪ್ಯಾನಿಯನ್’ನಲ್ಲಿ 1842ರ ನವೆಂಬರ್‌ನಿಂದ ಮೂರು ಕಂತಿನಲ್ಲಿ ಬರಬೇಕಿತ್ತು. ಅಷ್ಟರಲ್ಲಿ ಹೊಬೊಕೆನ್ ಕಡೆಯ ಹೋಟೆಲು ನಡೆಸುತ್ತಿದ್ದ ಮಿಸೆಸ್ ಲಾಸ್ ಎಂಬಾಕೆ ಗುಂಡೇಟು ಬಿದ್ದು ಸಾಯುವಾಗ, ಹುಡುಗಿ ಸತ್ತದ್ದು ತನ್ನ ಮನೆಯಲ್ಲೇ, ಗರ್ಭ ತೆಗೆಸುವಾಗ ಅಂತ ಹೇಳಿದಳೆಂದು ಪತ್ರಿಕೆಯಲ್ಲಿ ಬಂತು.

— ಅಯ್ಯೋ. ಡ್ಯೂಪಿನ್ನನ ತರ್ಕ ಬೇರೆ ದಾರಿ ಹಿಡಿದಿತ್ತಲ್ಲ!

— ಮೂರನೆಯ ಕಂತು ಜನವರಿಯಲ್ಲಿ ಬರಲಿಲ್ಲ, 1843ರ ಫೆಬ್ರವರಿಗೆ ಹೋಯಿತು. 1845ರ ಪುಸ್ತಕದಲ್ಲಿ ಪೋ ಅಲ್ಲೊಂದು ಮಾತು ಸೇರಿಸಿ, ಇಲ್ಲೊಂದು ಮಾತು ತೆಗೆದು, ಆ ಸುದ್ದಿಗೂ ಜಾಗ ಇರುವ ಹಾಗೆ ತರ್ಕವನ್ನು ಸಡಿಲಿಸಿದ. ಮೊದಲೇ ಎಲ್ಲವನ್ನೂ ಕಂಡಿದ್ದೆ ಅನ್ನುವ ಅರ್ಥದ ಅಡಿಟಿಪ್ಪಣಿ ಹಾಕಿದ. ಜಾನ್ ವಾಲ್ಶ್ 1968ರ ಪುಸ್ತಕದಲ್ಲಿ ಈ ತಿದ್ದುಪಡಿಗಳನ್ನು ಒಂದೊಂದಾಗಿ ತೋರಿಸಿದ. ವಾಲ್ಶ್‌ನನ್ನು ಓದುವ ಮೊದಲು ನೀನೇ ಎರಡು ಕಿಟಕಿ ಇಟ್ಟುಕೊಂಡು ಹುಡುಕು. ಸಾಲಿಗೆ ಸಾಲು ಹೋಲಿಸು. ಎಲ್ಲಿ ಒಂದು ಪದ ಬದಲಾಗಿ ಖಚಿತವಾದದ್ದು ಸಂಭವ ಆಯಿತು ಅಂತ ಪೆನ್ಸಿಲಿನಲ್ಲಿ ಗುರುತು ಹಾಕು. ಪತ್ತೇದಾರಿ ಸಾಹಿತ್ಯದ ವಿದ್ಯಾರ್ಥಿ ಮಾಡಬೇಕಾದ ಕೆಲಸ ಇದೇ.

— ಆ ಅಡಿಟಿಪ್ಪಣಿಗಳಲ್ಲಿ ಮತ್ತೇನಿದೆ?

— ಕಥೆಯಲ್ಲಿ ಫ್ರೆಂಚ್ ಹೆಸರಿಟ್ಟು ಮರೆಮಾಡಿದ್ದ ಪತ್ರಿಕೆಗಳ ನಿಜವಾದ ಹೆಸರುಗಳು, ಬೀದಿಗಳ ಹೆಸರುಗಳು. ಅವನ್ನು ಹಿಡಿದುಕೊಂಡು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ಕ್ಕೆ ಹೋಗು. ಎಲ್ಲವೂ ಸಿಗದಿದ್ದರೂ ‘ನ್ಯೂಯಾರ್ಕ್ ಹೆರಾಲ್ಡ್’ ಸಿಗುತ್ತೆ. 1841ರ ಆಗಸ್ಟ್‌ನ ಪುಟಗಳನ್ನು ತಿರುವು. ಪೋ ಕೈಯಲ್ಲಿದ್ದಂಥದ್ದೇ ಕಾಗದ ನಿನ್ನ ಕೈಯಲ್ಲೂ ಇರುತ್ತೆ. ಅವನು ಯಾವುದನ್ನು ಎತ್ತಿಕೊಂಡ, ಯಾವುದನ್ನು ಬಿಟ್ಟ ಅಂತ ನೀನು ಹೇಳಬಹುದು.

— ಷೆರ್ಲಾಕ್ ಹೋಮ್ಸ್ ಕಥೆಗಳಲ್ಲೂ ಹೀಗೆ ಪಾಠ ಬದಲಾಗಿದೆಯಾ?

— ಒಂದು ಕಡೆ ಚೆನ್ನಾಗಿ ಕಾಣುತ್ತೆ. ‘ದಿ ಕಾರ್ಡ್‌ಬೋರ್ಡ್ ಬಾಕ್ಸ್’ ಬಂದದ್ದು 1893ರ ಜನವರಿಯ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ. ಅದರ ಆರಂಭದಲ್ಲಿ ವಾಟ್ಸನ್ ಸುಮ್ಮನೆ ಕೂತಿರುವಾಗ ಅವನ ಯೋಚನೆಯ ಜಾಡನ್ನು ಹೋಮ್ಸ್ ಕಣ್ಣಿನ ಚಲನೆಯಿಂದಲೇ ಓದಿ ಹೇಳ್ತಾನೆ. ಪೋನ ಡ್ಯೂಪಿನ್ ಮಾಡಿದ್ದನ್ನೇ ನೆನಪಿಸಿಕೊಂಡು ಮಾಡ್ತಾನೆ. ‘ಮೆಮ್ವಾರ್ಸ್’ ಪುಸ್ತಕವಾದಾಗ ಈ ಕಥೆಯನ್ನು ಬಿಟ್ಟರು, ಆ ಭಾಗವನ್ನು ಮಾತ್ರ ಕಿತ್ತು ‘ದಿ ರೆಸಿಡೆಂಟ್ ಪೇಷೆಂಟ್’ ಕಥೆಯ ಮೊದಲಿಗೆ ಅಂಟಿಸಿದರು. 1917ರಲ್ಲಿ ‘ಹಿಸ್ ಲಾಸ್ಟ್ ಬೋ’ಗೆ ಕಥೆ ವಾಪಸು ಬಂದಾಗ ಭಾಗವೂ ವಾಪಸು ಬಂತು. ನೀನು ಇಳಿಸಿಕೊಳ್ಳುವ ಉಚಿತ ಪ್ರತಿ ಯಾವ ಆವೃತ್ತಿಯಿಂದ ಬಂದಿದೆ ಅನ್ನೋದರ ಮೇಲೆ ‘ರೆಸಿಡೆಂಟ್ ಪೇಷೆಂಟ್’ನ ಆರಂಭವೇ ಬೇರೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ 1971ರಿಂದ ನಡೆದ ದೊಡ್ಡ ಕೆಲಸ, ಅದಿಲ್ಲದೆ ನಮ್ಮಂಥವರಿಗೆ ಅರ್ಧ ಸಾ‌ಹಿತ್ಯ ಸಿಗುತ್ತಿರಲಿಲ್ಲ. ಆದರೂ ಅಲ್ಲಿನ ಪ್ರತಿಯ ಹಿಂದೆ ಯಾವ ಅಚ್ಚಿನ ಪುಸ್ತಕ ಇದೆ ಅಂತ ನೋಡದೆ ಉಲ್ಲೇಖ ಕೊಡಬೇಡ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2006ರಲ್ಲಿ ಕೆಲವು ಹೋಮ್ಸ್ ಕಥೆಗಳನ್ನು ‘ಸ್ಟ್ರ್ಯಾಂಡ್’ನಲ್ಲಿ ಬಂದ ಹಾಗೇ, ಸಿಡ್ನಿ ಪ್ಯಾಜೆಟ್‌ನ ಚಿತ್ರಗಳ ಜೊತೆ, ವಾರಕ್ಕೊಂದರಂತೆ ಮತ್ತೆ ಅಚ್ಚು ಹಾಕಿ ಓದುಗರಿಗೆ ಪುಕ್ಕಟೆ ಹಂಚಿದರು, ಜಾಲದಲ್ಲೂ ಹಾಕಿದರು. ‘ಸ್ಟ್ರ್ಯಾಂಡ್’ನ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲೂ ಇವೆ.

— ಪೋಗೂ ಡಾಯ್ಲ್‌ಗೂ ಮಧ್ಯೆ ಐವತ್ತು ವರ್ಷ. ಪಠ್ಯಪುಸ್ತಕದಲ್ಲಿ ಆ ಮಧ್ಯೆ ಕಾಲಿನ್ಸ್, ಗಾಬೊರಿಯೊ ಬಿಟ್ಟರೆ ಖಾಲಿ.

— ಖಾಲಿ ಅಲ್ಲ ಅಂತ ತೋರಿಸಿದ್ದು ವೆಸ್ಟ್‌ಮಿನ್‌ಸ್ಟರ್ ಡಿಟೆಕ್ಟಿವ್ ಲೈಬ್ರರಿ. ಹೆಸರು ಕೇಳಿ ಲಂಡನ್ ಅಂದುಕೊಳ್ಳಬೇಡ. ಅಮೆರಿಕದ ಮೇರಿಲ್ಯಾಂಡಿನ ವೆಸ್ಟ್‌ಮಿನ್‌ಸ್ಟರ್ ಅನ್ನುವ ಊರು, ಮ್ಯಾಕ್‌ಡ್ಯಾನಿಯಲ್ ಕಾಲೇಜು. ಲಿರಾಯ್ ಪಾನೆಕ್, ಮೇರಿ ಬೆಂಡೆಲ್-ಸಿಮ್ಸೊ ಅನ್ನುವ ಇಬ್ಬರು ಅಧ್ಯಾಪಕರು ಕೈಹಾಕಿದ ಕೆಲಸ. 1891ರಲ್ಲಿ ಡಾಯ್ಲ್‌ನ ‘ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ’ ಬರುವ ಮೊದಲು ಅಮೆರಿಕದಲ್ಲಿ ಅಚ್ಚಾದ ಸಣ್ಣ ಪತ್ತೇದಾರಿ ಕಥೆಗಳನ್ನೆಲ್ಲ ಹುಡುಕಿ, ಟೈಪ್ ಮಾಡಿ, ಎಲ್ಲಿ ಯಾವಾಗ ಬಂತು ಅನ್ನುವ ವಿವರದೊಂದಿಗೆ ಹಾಕ್ತಾ ಹೋದರು. ಹಳ್ಳಿ ಪತ್ರಿಕೆಯ ಮೂಲೆಯಲ್ಲಿ ಹೆಸರಿಲ್ಲದೆ ಬಂದ ಕಥೆಗಳೂ ಇವೆ. ಬಹಳ ಕಥೆಗಳು ಸಾಧಾರಣ. ಆ ಸಾಧಾರಣವೇ ನಿನಗೆ ಬೇಕು.

— ಸಾಧಾರಣ ಕಥೆಯಿಂದ ಏನು ಸಿಗುತ್ತೆ ಸರ್?

— ಸುಳಿವು ಅನ್ನೋದು ಎಷ್ಟು ಕಷ್ಟದ ಸೃಷ್ಟಿ ಅನ್ನೋದು. ಫ್ರಾಂಕೊ ಮೊರೆಟ್ಟಿ 2000ರಲ್ಲಿ ಒಂದು ಪ್ರಬಂಧ ಬರೆದ, ಡಾಯ್ಲ್‌ನ ಜೊತೆಯಲ್ಲೇ ಪತ್ರಿಕೆಗಳಲ್ಲಿ ಬರೆಯುತ್ತಿದ್ದ, ಇವತ್ತು ಯಾರೂ ಓದದ ಲೇಖಕರನ್ನು ಇಟ್ಟುಕೊಂಡು. ಕೆಲವರಲ್ಲಿ ಸುಳಿವೇ ಇಲ್ಲ. ಕೆಲವರಲ್ಲಿ ಇದೆ, ಆದರೆ ಕಥೆಗೆ ಅದರಿಂದ ಕೆಲಸವಿಲ್ಲ. ಕೆಲವರಲ್ಲಿ ಓದುಗನಿಗೆ ಕಾಣೋದಿಲ್ಲ. ಓದುಗ ತಾನೇ ಬಿಡಿಸಬಹುದಾದ ಸುಳಿವು ತೀರಾ ಕಡಿಮೆ, ಡಾಯ್ಲ್‌ನಲ್ಲೂ ಎಲ್ಲ ಕಥೆಗಳಲ್ಲಿ ಇಲ್ಲ. ಓದುಗನ ಜೊತೆ ನ್ಯಾಯವಾಗಿ ಆಡಬೇಕು ಅನ್ನುವ ನಿಯಮಗಳನ್ನು ವ್ಯಾನ್ ಡೈನ್ 1928ರಲ್ಲಿ, ನಾಕ್ಸ್ 1929ರಲ್ಲಿ ಬರೆದಿಟ್ಟದ್ದು ಎಷ್ಟೋ ಆಮೇಲೆ. 1868ರ ಕಾಲಿನ್ಸ್ ಆ ಸಾಲಿನಲ್ಲಿ ಎಲ್ಲಿ ನಿಲ್ತಾನೆ ಅನ್ನೋದು ನಿನ್ನ ಪ್ರಬಂಧದ ಪ್ರಶ್ನೆ ಆಗಬಹುದು.

— ಅಗಾಥಾ ಕ್ರಿಸ್ಟಿಯ ಪಿಡಿಎಫ್‌ಗಳು ನಮ್ಮ ಕ್ಲಾಸ್ ಗ್ರೂಪಿನಲ್ಲಿ ಓಡಾಡ್ತಿವೆ. ಗುಟೆನ್‌ಬರ್ಗ್‌ನಲ್ಲೂ ಕೆಲವು ಇವೆ. ಬಳಸಬಹುದಾ?

— ಗುಟೆನ್‌ಬರ್ಗ್ ನಡೆಯೋದು ಅಮೆರಿಕದ ಕಾನೂನಿನ ಮೇಲೆ. ಅಲ್ಲಿ 1926ರ ‘ರೋಜರ್ ಆಕ್ರಾಯ್ಡ್’ 2022ಕ್ಕೇ ಮುಕ್ತವಾಯಿತು. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದ ಮೇಲೆ 60 ವರ್ಷ. ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ, ಹಾಗಾಗಿ ಇಲ್ಲಿ 2036ರ ಕೊನೆಯವರೆಗೆ ಹಕ್ಕು ಇದೆ. ಡೊರೊತಿ ಸೇಯರ್ಸ್ 1957ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು ನಮಗೆ 2018ರಿಂದಲೇ ಮುಕ್ತ. ಅಮೆರಿಕದವರು ಅವರ ಕೆಲವು ಪುಸ್ತಕಗಳಿಗೆ ಇನ್ನೂ ಕಾಯಬೇಕು. ಕೆನಡಾದ ‘ಫೇಡೆಡ್ ಪೇಜ್’ ತಾಣದಲ್ಲಿ ಸೇಯರ್ಸ್ ಕಾಲದವರನ್ನು ಹುಡುಕು. ಕಾಲಿನ್ಸ್, ಪೋ, ಡಾಯ್ಲ್, ಚೆಸ್ಟರ್‌ಟನ್ ಇಲ್ಲಿ ಎಂದೋ ಮುಕ್ತರಾಗಿದ್ದಾರೆ. ಕ್ರಿಸ್ಟಿಯನ್ನು ಲೈಬ್ರರಿಯಿಂದ ತಾ, ಹಳೇ ಪುಸ್ತಕದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ. ನಮ್ಮ ಎನ್. ನರಸಿಂಹಯ್ಯನವರು ತೀರಿಕೊಂಡದ್ದು 2011ರಲ್ಲಿ. ಪತ್ತೇದಾರ ಪುರುಷೋತ್ತಮನ ಪುಸ್ತಕಗಳ ಹಕ್ಕು 2071ರವರೆಗೂ ಅವರ ವಾರಸುದಾರರದು. ಅವನ್ನು ಯಾರೋ ಫೋಟೋ ತೆಗೆದು ಹಂಚಿದರೆ ನಮಗೆ ಸಿಟ್ಟು ಬರಬೇಕಾದ ಹಾಗೇ ಕ್ರಿಸ್ಟಿಯದಕ್ಕೂ ಬರಬೇಕು.

— ವಿಮರ್ಶೆಗೆ?

— ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದರೆ ಪ್ರತಿ ತಿಂಗಳೂ ಸಾಕಷ್ಟು ಲೇಖನಗಳನ್ನು ದುಡ್ಡಿಲ್ಲದೆ ತೆರೆಯ ಮೇಲೆ ಓದಬಹುದು. ನಿನ್ನದು ಸರ್ಕಾರಿ ವಿಶ್ವವಿದ್ಯಾಲಯ, 2025ರಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಂದಿದೆ, ನಿಮ್ಮಲ್ಲಿ ಯಾವ ಜರ್ನಲ್ ತೆರೆಯುತ್ತೆ ಅಂತ ಲೈಬ್ರರಿಯನ್ನರನ್ನು ಕೇಳು. ಶೋಧಗಂಗಾದಲ್ಲಿ ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳಿವೆ. ಈಗಾಗಲೇ ಏನಾಗಿದೆ ಅಂತ ತಿಳಿಯೋಕೆ ನೋಡು. ಅವುಗಳಲ್ಲಿನ ಉಲ್ಲೇಖಗಳನ್ನು ಮೂಲಕ್ಕೆ ಹೋಗಿ ನೋಡದೆ ಎತ್ತಿಕೊಳ್ಳಬೇಡ.

— ಎಐಗೆ ಕೇಳಿದರೆ ಒಂದೇ ನಿಮಿಷದಲ್ಲಿ ಸುಳಿವುಗಳ ಪಟ್ಟಿ ಕೊಡುತ್ತೆ.

— ಕೊಡುತ್ತೆ. ಕಾದಂಬರಿಯಲ್ಲಿ ಇಲ್ಲದ ಸುಳಿವನ್ನೂ ಇರುವಷ್ಟೇ ಧೈರ್ಯದಿಂದ ಕೊಡುತ್ತೆ, ಬರೆಯದ ಲೇಖನಕ್ಕೂ ಪುಟಸಂಖ್ಯೆ ಕೊಡುತ್ತೆ. ಪುಟ ಕಣ್ಣಿಗೆ ಕಾಣುವವರೆಗೆ ಯಾವುದನ್ನೂ ನಂಬಬೇಡ, ನನ್ನನ್ನೂ ಸೇರಿಸಿ. ಇನ್ನೊಂದು ಮಾತು. ಬೇಕಾದ ಪುಟಗಳನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೋ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಗಿ ಅದರ ಡಿಜಿಟಲ್ ಸಂಗ್ರಹಗಳು ಎಷ್ಟೋ ತಿಂಗಳು ಸಿಗಲಿಲ್ಲ. ಅದರ ಮರುವರ್ಷ ಅಕ್ಟೋಬರ್‌ನಲ್ಲಿ ಇಂಟರ್‌ನೆಟ್ ಆರ್ಕೈವ್ ಕೆಲವು ದಿನ ಮುಚ್ಚಿಹೋಯಿತು. ಪ್ರಬಂಧ ಒಪ್ಪಿಸುವ ವಾರವೇ ಹಾಗಾದರೆ ಯಾರೂ ಕಾಯೋದಿಲ್ಲ.

— ನಮ್ಮ ಗೈಡ್‌ಗೆ ಆನ್‌ಲೈನ್ ಉಲ್ಲೇಖ ಅಂದರೆ ಅಷ್ಟಕ್ಕಷ್ಟೆ ಸರ್. ಅಚ್ಚಿನ ಪುಸ್ತಕದ ಪುಟಸಂಖ್ಯೆಯೇ ಬೇಕು ಅಂತಾರೆ.

— ನೀನು ಕೊಡೋದೂ ಅಚ್ಚಿನ ಪುಟಸಂಖ್ಯೆಯನ್ನೇ. ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆಯ ತಾರೀಖು, ಪುಟ. ಆಮೇಲೆ ಅದನ್ನು ಯಾವ ಸಂಗ್ರಹದಲ್ಲಿ, ಯಾವ ದಿನ ನೋಡಿದೆ ಅನ್ನೋದು. ಒಪ್ಪದಿದ್ದರೆ ಝೆರಾಕ್ಸ್ ಅಂಗಡಿಯಲ್ಲಿ ಎರಡು ಹಾಳೆ ಪ್ರಿಂಟ್ ತೆಗೆಸಿಕೊಂಡು ಹೋಗು. 1868ರ ವಾರಪತ್ರಿಕೆಯಲ್ಲಿ ಒಂದು ಕಂತು ನಿಂತ ಪುಟ ಒಂದು, ನಿಮ್ಮ ಪೇಪರ್‌ಬ್ಯಾಕಿನಲ್ಲಿ ಅದೇ ಸಾಲು ನಿಲ್ಲದೆ ಮುಂದಕ್ಕೆ ಹರಿದುಹೋದ ಪುಟ ಇನ್ನೊಂದು. ಎರಡನ್ನೂ ಅವರ ಮೇಜಿನ ಮೇಲಿಟ್ಟು, ಕಂತು ಎಲ್ಲಿ ಮುಗಿಯಿತು ಅಂತ ಪೇಪರ್‌ಬ್ಯಾಕಿನಲ್ಲಿ ತೋರಿಸಿ ಅಂತ ಕೇಳು.

— ಕೇಳ್ತೀನಿ ಸರ್. ಮಿಸ್ ಕ್ಲ್ಯಾಕ್ ಭಾಗದಲ್ಲೇ ಅಂಥದ್ದೊಂದು ಪುಟ ಹುಡುಕಿ ತರ್ತೀನಿ.